ಇಬ್ಬರ ಪಾಸ್‌ಪೋರ್ಟೂ ಒಂದೇ ಪರ್ಸಿನಲ್ಲಿ ಇಡಬೇಡಿ

ಮಂಡ್ಯದ ಒಂದು ಹೊಸ ಜೋಡಿ ಥಾಯ್ಲೆಂಡಿಗೆ ಹೋಗಿ ಪಟ್ಟ ಪಾಡು ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ, ಹೆಸರು ಹಾಕಬೇಡಿ ಎಂದಿದ್ದಾರೆ. ಆರು ರಾತ್ರಿಗೆಂದು ಹೋದವರು ಹನ್ನೊಂದು ರಾತ್ರಿ ಕಳೆದು, ವಾಪಸಿನ ಟಿಕೆಟನ್ನು ಎರಡನೇ ಸಲ ಕೊಂಡು ಬಂದರು. ವಿಮಾನ ತಡವಾಗುವುದು, ಪೆಟ್ಟಿಗೆ ಬಾರದಿರುವುದು, ಪರ್ಸು ಕಳೆದುಹೋಗುವುದು ಯಾರಿಗೂ ಆಗಬಹುದು. ಇವರಿಗೆ ಅದು ಇಷ್ಟು ಭಾರವಾದದ್ದು ಇಬ್ಬರದ್ದನ್ನೂ ಒಟ್ಟಿಗೇ ಇಟ್ಟಿದ್ದರಿಂದ. ಬಟ್ಟೆಗೆಲ್ಲ ಒಂದೇ ಸೂಟ್‌ಕೇಸು, ಕಾಗದಕ್ಕೆಲ್ಲ ಒಂದೇ ಪರ್ಸು, ಒಂದೇ ಜಂಟಿ ಖಾತೆಯ ಎರಡು ಕಾರ್ಡು, ಇಬ್ಬರ ಟಿಕೆಟ್ಟೂ ಗಂಡನ ಫೋನಿನಲ್ಲಿ. ಒಂದು ಹೋದಾಗ ಆಸರೆಗೆ ಇನ್ನೊಂದು ಉಳಿಯಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಟಿಕೆಟ್ಟಿನಲ್ಲೇ. ಏಜೆಂಟರು ಬೆಂಗಳೂರು–ಬ್ಯಾಂಕಾಕ್ ಒಂದು ಟಿಕೆಟ್, ಬ್ಯಾಂಕಾಕ್–ಫುಕೆಟ್ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಮಾಡಿಸಿ, ನಡುವೆ ಮೂರು ಗಂಟೆ ಬಿಟ್ಟಿದ್ದರು. ಬ್ಯಾಂಕಾಕಿನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಮೊದಲ ವಿಮಾನ ಇಳಿದದ್ದು ಸುವರ್ಣಭೂಮಿಯಲ್ಲಿ, ಎರಡನೆಯದು ಹೊರಡುವುದು ಡಾನ್ ಮುವಾಂಗ್‌ನಿಂದ. ನಡುವೆ 40 ಕಿ.ಮೀ.ಗೂ ಹೆಚ್ಚು ದೂರ, ಅದೂ ಬ್ಯಾಂಕಾಕಿನ ಟ್ರಾಫಿಕ್ಕಿನಲ್ಲಿ. ಟಿಕೆಟ್ಟಿನ ಮೇಲೆ ಬಿಕೆಕೆ ಎಂದಿದ್ದರೆ ಸುವರ್ಣಭೂಮಿ, ಡಿಎಂಕೆ ಎಂದಿದ್ದರೆ ಡಾನ್ ಮುವಾಂಗ್. ಈ ಮೂರು ಅಕ್ಷರ ನೋಡಿಕೊಂಡಿದ್ದರೆ ಮಂಡ್ಯದಲ್ಲಿ ಕೂತೇ ತಪ್ಪು ಹಿಡಿಯಬಹುದಿತ್ತು. ಒಂದೇ ಟಿಕೆಟ್ಟಿನಲ್ಲಿ ಎರಡೂ ಹಾರಾಟಗಳಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ಟಾದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಪೆಟ್ಟಿಗೆಯನ್ನೂ ನಡುವೆ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕು.

ದುಡ್ಡು ಪೂರ್ತಿ ಕೊಡುವ ಮೊದಲು ಏಜೆಂಟರನ್ನು ಇ-ಟಿಕೆಟ್ ನಂಬರ್ ಕೇಳಿ. ಪಿಎನ್‌ಆರ್ ಎಂಬ ಆರು ಅಕ್ಷರ ಸಾಲದು, ದುಡ್ಡು ಕಟ್ಟದೆ ಬರೀ ಸೀಟು ಹಿಡಿದಿಟ್ಟರೂ ಪಿಎನ್‌ಆರ್ ಬರುತ್ತದೆ. ಟಿಕೆಟ್ ನಿಜವಾಗಿ ಆಗಿದ್ದರೆ 13 ಅಂಕಿಯ ನಂಬರ್ ಇರುತ್ತದೆ, ಇಬ್ಬರಿಗೂ ಬೇರೆ ಬೇರೆ. ಹೆಸರನ್ನೂ ಆಗಲೇ ನೋಡಿ. ಮದುವೆಯ ನಂತರ ಹೆಂಡತಿಯ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿ ಟಿಕೆಟ್ ಮಾಡಿಸುತ್ತಾರೆ, ಪಾಸ್‌ಪೋರ್ಟಿನಲ್ಲಿ ಇನ್ನೂ ತಂದೆಯ ಹೆಸರೇ ಇರುತ್ತದೆ. ಒಂದಕ್ಷರದ ತಪ್ಪನ್ನು ತಿದ್ದಿಸಬಹುದು, ಹೆಸರನ್ನೇ ಬದಲಾಯಿಸಲು ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮ ಕಡೆ ಇನಿಷಿಯಲ್ಲು ಬಿಟ್ಟು ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡವರು ಬಹಳ. ದುಬೈಗೆ ಹೋಗುವುದಾದರೆ ಇದು ದೊಡ್ಡ ತೊಡಕು: ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಕ್ಕೆ ಯುಎಇ 2022ರ ನವೆಂಬರಿನಿಂದ ಕಡಿವಾಣ ಹಾಕಿದೆ. ಪ್ಯಾಕೇಜಿಗೆ ಮುಂಗಡ ಕೊಡುವ ಮುನ್ನವೇ ಇದನ್ನು ವಿಮಾನ ಕಂಪನಿಯಲ್ಲಿ ಕೇಳಿಕೊಳ್ಳಿ.

ಇನ್ನು ಸೂಟ್‌ಕೇಸು. ಸುವರ್ಣಭೂಮಿಯಲ್ಲಿ ಬೆಲ್ಟು ನಿಂತರೂ ಅದು ಬರಲಿಲ್ಲ. ಏಜೆಂಟರಿಗೆ ಫೋನ್ ಮಾಡಿದರೆ, ‘ಬ್ಯಾಗ್ ಹೋಟೆಲಿಗೇ ಕಳಿಸ್ತಾರೆ ಸಾರ್, ನೀವು ಹೊರಡಿ, ಫ್ಲೈಟ್ ಮಿಸ್ಸಾಗುತ್ತೆ’ ಎಂದರು. ಇವರು ಹೊರಟರು. ಫ್ಲೈಟೂ ತಪ್ಪಿತು, ದೂರೂ ಬರೆಸಿರಲಿಲ್ಲ. ಸೂಟ್‌ಕೇಸು ಮೂರನೇ ದಿನ ಸಿಕ್ಕಿತು, ನಡುವೆ ಕೊಂಡ ಬಟ್ಟೆಬರೆಯ ದುಡ್ಡು ಮಾತ್ರ ವಿಮಾನ ಕಂಪನಿಯಿಂದಲೂ ಬರಲಿಲ್ಲ, ವಿಮೆಯಿಂದಲೂ ಬರಲಿಲ್ಲ.

ಬ್ಯಾಗು ಬಾರದಿದ್ದರೆ ಆ ಹಾಲ್ ಬಿಟ್ಟು ಹೊರಗೆ ಕಾಲಿಡಬೇಡಿ. ಅಲ್ಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಬರೆಸಬೇಕು. ಅದಕ್ಕೆ ಬೇಕಾದದ್ದು ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಮತ್ತು ಚೆಕ್-ಇನ್‌ನಲ್ಲಿ ಕೊಟ್ಟ ಹತ್ತು ಅಂಕಿಯ ಟ್ಯಾಗಿನ ಚೂರು. ಪೆಟ್ಟಿಗೆಯ ಬಣ್ಣ, ಅಳತೆ, ಕಂಪನಿ ಕೇಳುತ್ತಾರೆ, ಹೊರಡುವ ಮೊದಲು ಫೋಟೋ ತೆಗೆದಿಟ್ಟುಕೊಂಡಿದ್ದರೆ ಅದನ್ನೇ ತೋರಿಸಬಹುದು. ಐದು ಅಕ್ಷರ, ಐದು ಅಂಕಿ ಇರುವ ಒಂದು ಸಂಖ್ಯೆ ಕೊಡುತ್ತಾರೆ. ಮುಂದಿನ ಹುಡುಕಾಟವೆಲ್ಲ ಅದರ ಮೇಲೆಯೇ ನಡೆಯುತ್ತದೆ. ಹೋಟೆಲು ಬದಲಾಗುವುದಿದ್ದರೆ ಯಾವ ದಿನ ಎಲ್ಲಿರುತ್ತೀರಿ ಎಂಬುದನ್ನೂ ಬರೆಸಿ.

ಇದರ ಹಿಂದೆ ಮಾಂಟ್ರಿಯಲ್ ಒಪ್ಪಂದ ಎಂಬ 1999ರ ಅಂತರರಾಷ್ಟ್ರೀಯ ಕಾನೂನಿದೆ, ಭಾರತ 2009ರಲ್ಲಿ ಸೇರಿತು. ಅದರ ಗಡುವುಗಳನ್ನು ಬರೆದಿಟ್ಟುಕೊಳ್ಳಿ. ಪೆಟ್ಟಿಗೆ ಒಡೆದು ಬಂದರೆ ಕೈಗೆ ಬಂದ 7 ದಿನದೊಳಗೆ ಲಿಖಿತ ದೂರು. ತಡವಾಗಿ ಬಂದರೆ ಕೈಗೆ ಬಂದ ದಿನದಿಂದ 21 ದಿನದೊಳಗೆ. 21 ದಿನವಾದರೂ ಬಾರದಿದ್ದರೆ ಕಳೆದುಹೋದದ್ದೆಂದೇ ಲೆಕ್ಕ. ಕೋರ್ಟಿಗೆ ಹೋಗಲು 2 ವರ್ಷ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ, ಒಂದಕ್ಕೆ ಒಂದೂಕಾಲು ಡಾಲರಿಗಿಂತ ಹೆಚ್ಚು. ಇದು ಗರಿಷ್ಠ ಮಿತಿ, ಕೈಗೆ ಬರುವುದು ರಸೀದಿ ಇದ್ದಷ್ಟೇ. ಆದ್ದರಿಂದ ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಎಲ್ಲದರ ಬಿಲ್ ಇಟ್ಟುಕೊಳ್ಳಿ.

ಒಬ್ಬರಿಗೆ ಇಷ್ಟು ಎಂಬ ಮಾತನ್ನು ಗಮನಿಸಿ. ಕೌಂಟರಿನಲ್ಲಿ ಇಬ್ಬರ ಪೆಟ್ಟಿಗೆಗೂ ಒಬ್ಬರ ಹೆಸರಿನಲ್ಲೇ ಟ್ಯಾಗ್ ಹಾಕಿಬಿಡುತ್ತಾರೆ. ಒಂದು ಅವರ ಹೆಸರಿಗೆ, ಇನ್ನೊಂದು ನನ್ನ ಹೆಸರಿಗೆ ಹಾಕಿ ಎಂದು ಕೇಳಿ. ಒಂದು ದೊಡ್ಡ ಸೂಟ್‌ಕೇಸಿನ ಬದಲು ಎರಡು ಸಣ್ಣವನ್ನು ಒಯ್ದು, ಇಬ್ಬರ ಬಟ್ಟೆಯನ್ನೂ ಎರಡರಲ್ಲೂ ಅರ್ಧರ್ಧ ಹಂಚಿ. ಒಂದು ಬಾರದಿದ್ದರೂ ಇಬ್ಬರಿಗೂ ಉಡಲು ಇರುತ್ತದೆ. ಮಾತ್ರೆ, ಕನ್ನಡಕ, ಚಾರ್ಜರು, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಪವರ್ ಬ್ಯಾಂಕ್ ಅಂತೂ ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಅಮ್ಮಂದಿರು ಕಟ್ಟಿಕೊಡುವ ಬುತ್ತಿಯನ್ನೂ ಒಮ್ಮೆ ಬಿಚ್ಚಿ ನೋಡಿ. ಗಸಗಸೆ ಯುಎಇ, ಸಿಂಗಪುರಗಳಲ್ಲಿ ನಿಷಿದ್ಧ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ, ಒಂದು ಹಿಡಿ ಇದ್ದರೂ ಅಪರಾಧವೇ. ಒಣ ಕೊಬ್ಬರಿ ಗಿಟುಕು ಬೆಂಕಿ ಹತ್ತುವ ವಸ್ತುವೆಂದು ಬೆಂಗಳೂರಿನ ತಪಾಸಣೆಯಲ್ಲೇ ತೆಗೆಸುತ್ತಾರೆ.

ಪರ್ಸು ಹೋದದ್ದು ಫುಕೆಟ್‌ನ ರಾತ್ರಿ ಸಂತೆಯಲ್ಲಿ, ಶುಕ್ರವಾರ ಸಂಜೆ. ಅದರಲ್ಲಿ ಇಬ್ಬರ ಪಾಸ್‌ಪೋರ್ಟ್, ಎರಡೂ ಕಾರ್ಡು, ಇದ್ದ ಬಾತ್ ನೋಟುಗಳು, ವಿಮೆಯ ಕಾಗದ ಎಲ್ಲ ಇದ್ದವು. ಭಾರತದ ರಾಯಭಾರ ಕಚೇರಿ ಇರುವುದು ಬ್ಯಾಂಕಾಕಿನಲ್ಲಿ, ಫುಕೆಟ್‌ನಿಂದ ರಸ್ತೆಯಲ್ಲಿ 800 ಕಿ.ಮೀ.ಗೂ ಹೆಚ್ಚು. ಶನಿವಾರ, ಭಾನುವಾರ ರಜೆ.

ಹೀಗಾದಾಗ ಮೊದಲು ಪೊಲೀಸ್ ವರದಿ. ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರ ನಂಬರ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ವರದಿಯಲ್ಲಿ ಇಬ್ಬರ ಹೆಸರು ಮತ್ತು ಇಬ್ಬರ ಪಾಸ್‌ಪೋರ್ಟ್ ನಂಬರೂ ಬರಬೇಕು. ಇವರ ವರದಿಯಲ್ಲಿ ಗಂಡನ ನಂಬರ್ ಮಾತ್ರ ಇತ್ತು, ಮತ್ತೆ ಠಾಣೆಗೆ ಅಲೆಯಬೇಕಾಯಿತು. ಬರೆಸುವ ಮುನ್ನ ಹೋಟೆಲು, ಟ್ಯಾಕ್ಸಿ, ಊಟ ಮಾಡಿದ ಜಾಗವೆಲ್ಲ ಸರಿಯಾಗಿ ಹುಡುಕಿ. ಕಳೆದಿದೆ ಎಂದು ರಾಯಭಾರ ಕಚೇರಿಯಲ್ಲಿ ದಾಖಲಾದ ಪಾಸ್‌ಪೋರ್ಟ್ ರದ್ದಾಗುತ್ತದೆ, ಆಮೇಲೆ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ.

ಆಮೇಲೆ ರಾಯಭಾರ ಕಚೇರಿ. ಬೇಗ ಊರಿಗೆ ಬರಬೇಕೆಂದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಒಂದು ಸಲ, ಒಂದೇ ದಾರಿಯ ಪ್ರಯಾಣಕ್ಕೆ. ಮುಂದೆ ಇನ್ನೊಂದು ದೇಶ ನೋಡಿಕೊಂಡು ಬರುವ ಯೋಚನೆ ಬಿಡಿ, ಟಿಕೆಟನ್ನೂ ನೇರ ವಿಮಾನಕ್ಕೇ ಮಾಡಿಸಿ. ಅರ್ಜಿ ಆನ್‌ಲೈನಿನಲ್ಲಿ ತುಂಬಿ ಪ್ರಿಂಟ್ ಒಯ್ಯಬೇಕು. ಜೊತೆಗೆ ಪೊಲೀಸ್ ವರದಿ, ಹಳೆಯ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ನಕಲು, ಪ್ರವೇಶದ ಮುದ್ರೆಯ ಫೋಟೋ, ಬಿಳಿ ಹಿನ್ನೆಲೆಯ ಭಾವಚಿತ್ರಗಳು ಇರಲಿ. ಇಬ್ಬರಿಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ.

ಇಷ್ಟಾದರೆ ಮುಗಿಯಿತು ಎಂದುಕೊಳ್ಳುತ್ತಾರೆ, ಮುಗಿಯುವುದಿಲ್ಲ. ಹೊಸ ಕಾಗದದಲ್ಲಿ ಆ ದೇಶಕ್ಕೆ ಬಂದ ಮುದ್ರೆಯೇ ಇಲ್ಲವಲ್ಲ, ಹೊರಗೆ ಬಿಡುವುದು ಹೇಗೆ? ಬ್ಯಾಂಕಾಕಿನ ಚೇಂಗ್ ವತ್ತನ ರಸ್ತೆಯ ಇಮಿಗ್ರೇಷನ್ ಕಚೇರಿಗೆ ರಾಯಭಾರ ಕಚೇರಿಯ ಪತ್ರ ಒಯ್ದು ಪ್ರವೇಶದ ದಾಖಲೆಯನ್ನು ಹೊಸ ಕಾಗದಕ್ಕೆ ಹಾಕಿಸಿಕೊಳ್ಳಬೇಕು. ಈ ಕೆಲಸಕ್ಕೆ ಒಂದು ದಿನ ಬಿಟ್ಟುಕೊಂಡೇ ವಾಪಸಿನ ಟಿಕೆಟ್ ಮಾಡಿಸಿ. ಬೇರೆ ದೇಶಗಳಲ್ಲೂ ಹೊರಹೋಗುವ ಅನುಮತಿ ಕೇಳುವುದುಂಟು, ರಾಯಭಾರ ಕಚೇರಿಯಲ್ಲೇ ವಿಚಾರಿಸಿ.

ತಪ್ಪಿಸಿಕೊಳ್ಳುವ ದಾರಿ ಸರಳವಾಗಿದೆ. ಊರೂರು ಬದಲಾಯಿಸುವ ದಿನ ಅವರವರ ಪಾಸ್‌ಪೋರ್ಟ್ ಅವರವರ ಮೈಮೇಲೆ, ಸೊಂಟದ ಚೀಲದಲ್ಲಿ. ಉಳಿದ ದಿನ ರೂಮಿನ ಲಾಕರಿನಲ್ಲಿ. ನಕಲು ಮತ್ತು ನಾಲ್ಕು ನಾಲ್ಕು ಫೋಟೋ ಅದಲುಬದಲು: ಹೆಂಡತಿಯದು ಗಂಡನ ಚೀಲದಲ್ಲಿ, ಗಂಡನದು ಹೆಂಡತಿಯ ಚೀಲದಲ್ಲಿ. ಇಳಿದ ಕೂಡಲೇ ಪ್ರವೇಶದ ಮುದ್ರೆಯ ಫೋಟೋ ತೆಗೆದು ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ವಾಟ್ಸಾಪ್ ಮಾಡಿ.

ಕಾರ್ಡು ಎರಡು ಬ್ಯಾಂಕಿನದಾಗಿರಲಿ, ಬ್ಯಾಂಕಿನ ಆ್ಯಪಿನಲ್ಲಿ ವಿದೇಶದ ಬಳಕೆಯನ್ನು ಹೊರಡುವ ಮೊದಲೇ ಚಾಲೂ ಮಾಡಿ. ಜಂಟಿ ಖಾತೆಯನ್ನೇ ತಡೆಹಿಡಿದರೆ ಇಬ್ಬರೂ ಬರಿಗೈ. ಒಟಿಪಿ ಬರುವುದು ಊರಿನ ಸಿಮ್ಮಿಗೆ, ಹಾಗಾಗಿ ಒಂದರಲ್ಲಾದರೂ ರೋಮಿಂಗ್ ಇರಲೇಬೇಕು. ಥಾಯ್ಲೆಂಡಿನ ಡಿಜಿಟಲ್ ಆಗಮನ ಕಾರ್ಡನ್ನು, ಅಂದರೆ ಟಿಡಿಎಸಿಯನ್ನು, ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಇಬ್ಬರ ಹೆಸರಿನಲ್ಲೂ ತುಂಬಬೇಕು. ಅದು ಪೂರ್ತಿ ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಕೇಳುವ ಅಂಗಡಿಗೆ ಹೋಗಲೇಬೇಡಿ. ವಾಪಸ್ ಕೊಡುವಾಗ ಹಳೆಯ ಗೀರು ತೋರಿಸಿ ದುಡ್ಡು ಕೇಳಿದರೆ ನಿಮ್ಮ ಕೈ ಕಟ್ಟಿರುತ್ತದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ವಿಮೆಯವರು ಆಸ್ಪತ್ರೆ ಖರ್ಚು ಕೊಡುವುದಿಲ್ಲ. ನಮ್ಮ ಆರ್‌ಟಿಒದಲ್ಲಿ ಫಾರಂ 4ಎ ತುಂಬಿದರೆ ಒಂದು ವರ್ಷಕ್ಕೆ ಸಿಗುತ್ತದೆ. ಆಸ್ಪತ್ರೆಗೆ ಸೇರುವ ಮುನ್ನ, ಆಗದಿದ್ದರೆ ಸೇರಿದ ತಕ್ಷಣ, ಪಾಲಿಸಿಯ ಸಹಾಯವಾಣಿಗೆ ಫೋನ್ ಮಾಡಿ. ಆ ನಂಬರ್ ಇಬ್ಬರ ಫೋನಿನಲ್ಲೂ ಇರಲಿ.

ಊರಿಗೆ ಬಂದ ಮೇಲೆ ಹೊಸ ಪಾಸ್‌ಪೋರ್ಟಿಗೆ ಮರುವಿತರಣೆಯ ಅರ್ಜಿ. ಮೈಸೂರಿನಲ್ಲಿ 2017ರ ಜನವರಿಯಿಂದ ಅಂಚೆ ಇಲಾಖೆಯ ಪಾಸ್‌ಪೋರ್ಟ್ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಓಡಬೇಕಿಲ್ಲ. ವಿದೇಶದ ಪೊಲೀಸ್ ವರದಿಯ ಮೂಲಪ್ರತಿ, ಎಮರ್ಜೆನ್ಸಿ ಸರ್ಟಿಫಿಕೇಟಿನ ನಕಲು, ಹೇಗೆ ಕಳೆಯಿತೆಂದು ಅನುಬಂಧ ‘ಎಫ್’ ನಮೂನೆಯ ಪ್ರಮಾಣಪತ್ರ ಒಯ್ಯಿರಿ. ಕಳೆದ ಪಾಸ್‌ಪೋರ್ಟಿನ ಬದಲಿಗೆ 36 ಪುಟದ್ದು ಬೇಕೆಂದರೆ ಶುಲ್ಕ 3,000 ರೂಪಾಯಿ, ಮಾಮೂಲಿ ಮರುವಿತರಣೆಯ ಇಮ್ಮಡಿ. ಮತ್ತೆ ಪೊಲೀಸ್ ಪರಿಶೀಲನೆ ಆಗುತ್ತದೆ. ಆ ಜೋಡಿಯ ಎರಡೂ ಅರ್ಜಿಗಳು ಈಗ ಅಲ್ಲಿಗೆ ಬಂದು ನಿಂತಿವೆ.