ಟಾಂಗಾ ಲಾಯದ ಲಗಾಮು, ಲಾಳ, ಹುರುಳಿ: ಬಾಗಿಲ ಬೆಳಕಾ, ಎಲ್‌ಇಡಿಯಾ?

ಮೈಸೂರಿನ ಟಾಂಗಾ ಅಂದರೆ ಎಲ್ಲರೂ ಅರಮನೆ ಸುತ್ತ ಓಡುವ ಗಾಡಿಯ ಫೋಟೋ ತೆಗೆಯುತ್ತಾರೆ. ನನಗೆ ಬೇಕಿದ್ದದ್ದು ಗಾಡಿ ಕಟ್ಟುವ ಮೊದಲು ಲಾಯದಲ್ಲಿ ಸುಮ್ನೆ ಬಿದ್ದಿರುವ ಸಾಮಾನು. ಮೊಳೆಗೆ ನೇತುಹಾಕಿದ ಲಗಾಮು, ಸವೆದ ಲಾಳ, ಬಕೆಟ್‌ನಲ್ಲಿ ನೆನೆಸಿಟ್ಟ ಹುರುಳಿ. ಜನವರಿಯಲ್ಲಿ ನಾಲ್ಕು ದಿನ ಬೆಳಿಗ್ಗೆ, ಪರಿಚಯದ ಟಾಂಗಾ ಭಾಯ್ ಒಬ್ಬರ ಲಾಯಕ್ಕೆ ಹೋಗಿ ಈ ಮೂರನ್ನೇ ಬೇರೆ ಬೇರೆ ಬೆಳಕಲ್ಲಿ, ಬೇರೆ ಬೇರೆ ಲೆನ್ಸಲ್ಲಿ ತೆಗೆದು ನೋಡಿದೆ.

ಫ್ಲ್ಯಾಶ್ ಬೇಡವೇ ಬೇಡ. ಮೊದಲ ದಿನ ಒಂದೇ ಒಂದು ಸಲ ಹೊಡೆದೆ. ಕುದುರೆ ಬೆಚ್ಚಿ ತಲೆ ಎತ್ತಿ ಹಗ್ಗ ಜಗ್ಗಿತು. ತಕ್ಷಣ ಬ್ಯಾಗಿಗೆ ಹಾಕಿದೆ, ಮತ್ತೆ ತೆಗೆಯಲಿಲ್ಲ.

ಉಳಿದದ್ದು ಎರಡು: ಕೈಯಲ್ಲಿ ಹಿಡಿಯುವಂಥ ಸಣ್ಣ ಎಲ್‌ಇಡಿ ಪ್ಯಾನೆಲ್, ಮತ್ತು ಲಾಯದ ಬಾಗಿಲಿಂದ ಬರುವ ಬೆಳಕು. ಬಾಗಿಲು ಉತ್ತರಕ್ಕಿದೆ, ಹಾಗಾಗಿ ಆ ತಿಂಗಳಲ್ಲಿ ಬಿಸಿಲು ನೇರ ಒಳಗೆ ಬೀಳುವುದಿಲ್ಲ. ಎಲ್‌ಇಡಿಯನ್ನು ಕ್ಯಾಮೆರಾ ಪಕ್ಕದಲ್ಲೇ ಇಟ್ಟು ಲಗಾಮು ತೆಗೆದೆ. ಎಲ್ಲಾ ಸ್ಪಷ್ಟ, ಎಲ್ಲೂ ಕತ್ತಲಿಲ್ಲ. ಭಾಯ್ ಕ್ಯಾಮೆರಾ ಸ್ಕ್ರೀನ್ ನೋಡಿ, "ಇದೇನಮ್ಮಾ, ಹೊಸ ಲಗಾಮಿನ ಥರ ಇದೆಯಲ್ಲಾ" ಅಂದರು. ಅಲ್ಲೇ ನನಗೆ ತಪ್ಪು ಗೊತ್ತಾಯಿತು. ಬೆಳಕು ಎದುರಿಂದ ಬಿದ್ದರೆ ತೊಗಲಿನ ಉಬ್ಬು ತಗ್ಗಿಗೆ ನೆರಳೇ ಇರುವುದಿಲ್ಲ. ನೆರಳಿಲ್ಲದಿದ್ದರೆ ಸವೆತವೂ ಕಾಣುವುದಿಲ್ಲ.

ಅದೇ ಲಗಾಮನ್ನು ಬಾಗಿಲ ಬೆಳಕಿಗೆ ಅಡ್ಡವಾಗಿ ತೆಗೆದಾಗ ನೋಡಬೇಕಿತ್ತು. ಅವರು ದಿನಾ ಹಿಡಿಯುವ ಜಾಗ, ಸುಮಾರು ಒಂದು ಗೇಣು, ಉಳಿದ ತೊಗಲಿಗಿಂತ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಅದರ ಆಚೀಚೆ ಬಿರುಕು. ಹೊಲಿಗೆ ಬಿಟ್ಟ ಕಡೆ ಬೇರೆ ಬಣ್ಣದ ದಾರ ಹಾಕಿ ಮತ್ತೆ ಹೊಲಿದಿದ್ದಾರೆ. ಎದುರಿನ ಬದಿಗೆ ಒಂದು ಬಿಳಿ ಥರ್ಮೋಕೋಲ್ ಹಲಗೆ ಒರಗಿಸಿದೆ, ನೆರಳು ಹದವಾಯಿತು. ಅಷ್ಟೇ ಖರ್ಚು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಶಟರ್ ಅರ್ಧ ಸೆಕೆಂಡ್, ಟ್ರೈಪಾಡ್. ಕುದುರೆ ಕಾಲು ಕುಟ್ಟಿದರೆ ನೆಲ ಅದುರುತ್ತದೆ, ಅದು ಸುಮ್ಮನಾಗುವವರೆಗೆ ಕಾದು 2 ಸೆಕೆಂಡ್ ಟೈಮರಿನಲ್ಲಿ ತೆಗೆಯಬೇಕು.

ಎಲ್‌ಇಡಿ ಪೂರ್ತಿ ದಂಡ ಅಂತಲ್ಲ. ಮೋಡ ಕವಿದ ಒಂದು ಬೆಳಿಗ್ಗೆ ಅದನ್ನೇ ನೆಲದ ಹತ್ತಿರ, ಪಕ್ಕದಿಂದ, ತೆಳು ಬಿಳಿ ಬಟ್ಟೆಯ ಹಿಂದೆ ಇಟ್ಟು ಲಾಳ ತೆಗೆದೆ. ಚೆನ್ನಾಗಿಯೇ ಬಂತು. ಲಾಳದ ಮುಂದಿನ ತುದಿ ತೆಳ್ಳಗೆ ಸವೆದದ್ದು, ಮೊಳೆ ತೂತಿನೊಳಗಿನ ಮಣ್ಣು, ಎರಡೂ ಕಂಡವು. "ಇದು ಮುಂಗಾಲಿಂದು, ದುಂಡಗಿದೆ ನೋಡಿ, ಹಿಂಗಾಲಿಂದು ಸ್ವಲ್ಪ ಉದ್ದ" ಅಂತ ಭಾಯ್ ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟರು. ನನ್ನ ಒಳ್ಳೆಯ ಫ್ರೇಮುಗಳಲ್ಲಿ ಒಂದು ಆ ಜೋಡಿಯದೇ. ಆದರೆ ಪ್ಯಾನೆಲ್ಲಿನ ಬಣ್ಣ ಹಗಲು ಬೆಳಕಿಗೆ ಹೊಂದುವ 5600 ಕೆಲ್ವಿನ್‌ಗೆ ಇಡಿ. ಹಳದಿಗೆ ಬಿಟ್ಟರೆ ಬಾಗಿಲ ಕಡೆ ನೀಲಿ, ಈ ಕಡೆ ಕಿತ್ತಳೆ ಆಗಿ ಹುಲ್ಲಿನ ಬಣ್ಣವೇ ಕೆಡುತ್ತದೆ.

ಪೋಲರೈಸರ್ ಫಿಲ್ಟರ್ ಹಾಕಿಯೂ ನೋಡಿದೆ. ತೊಗಲಿನ ಹೊಳಪು ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ, ನಿಜ. ಆದರೆ ಲಗಾಮಿನ ಮೇಲಿನ ಆ ಹೊಳಪು ಭಾಯ್ ಕೈಯಿಂದ ಬಂದದ್ದು. ಅದನ್ನೇ ಅಳಿಸಿದರೆ ಫೋಟೋದಲ್ಲಿ ಏನು ಉಳಿಯಿತು? ಫಿಲ್ಟರ್ ಕಳಚಿಬಿಟ್ಟೆ. ಹಿತ್ತಾಳೆ ಬಕಲ್‌ಗಂತೂ ಅದರಿಂದ ಪ್ರಯೋಜನವಿಲ್ಲ, ಬರೀ ಲೋಹದ ಹೊಳಪು ಪೋಲರೈಸರಿಗೆ ಬಗ್ಗುವುದಿಲ್ಲ. ಬಕಲಿನಲ್ಲಿ ನನ್ನ ಕೆಂಪು ಕುರ್ತಾ ಕಾಣುತ್ತಿತ್ತು. ಮಾರನೇ ಸಲ ಕಪ್ಪು ಬಟ್ಟೆ ಹಾಕಿಕೊಂಡು ಹೋದೆ, ಸರಿಹೋಯಿತು.

ಲೆನ್ಸ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 50 ಎಂಎಂ ಸಾಕು. ತೀರಾ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸಲ್ಲಿ ಹುರುಳಿ ತೆಗೆದೆ. ಕಾಳು ತನ್ನ ನಿಜವಾದ ಅಳತೆಯಲ್ಲೇ ಸೆನ್ಸರ್ ಮೇಲೆ ಮೂಡುವಷ್ಟು ಹತ್ತಿರ ಹೋದಾಗ, ಎಫ್/8ರಲ್ಲೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನಷ್ಟೇ. ನೆನೆದು ಸಿಪ್ಪೆ ಬಿರಿದ ಕಾಳು ಚೆಂದವಾಗಿ ಬಂತು, ಆದರೆ ಅದು ಕುದುರೆಯ ಹುರುಳಿಯೋ ನಮ್ಮನೆ ಸಾರಿನ ಹುರುಳಿಯೋ ಗೊತ್ತಾಗಲಿಲ್ಲ. 50ರಲ್ಲಿ ಬಕೆಟ್ಟಿನ ಅಂಚು, ಕುದುರೆ ಮೂತಿ ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ, ಪಕ್ಕದಲ್ಲಿ ಬಿದ್ದ ನಾಲ್ಕು ಕಾಳು ಎಲ್ಲಾ ಇದ್ದವು. ಮ್ಯಾಕ್ರೋ ಹೊಲಿಗೆಗೆ ಮಾತ್ರ ಇಟ್ಟುಕೊಳ್ಳಿ. ಲೆನ್ಸ್ ಬದಲಿಸುವುದಾದರೆ ಹೊರಗೆ ಬನ್ನಿ, ಲಾಯದೊಳಗೆ ಹುಲ್ಲಿನ ಧೂಳು ಜಾಸ್ತಿ.

ಕೊನೆಯ ವಾರ ಲಗಾಮನ್ನು ಕೇಳಿ ಮನೆಗೂ ತಂದೆ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಕಿಟಕಿ ಬೆಳಕಲ್ಲಿ ತೆಗೆದೆ. ಅಚ್ಚುಕಟ್ಟಾಗಿತ್ತು, ಅಂಗಡಿಯ ಮಾಲಿನ ಹಾಗೆ. ಲಾಯದ ಸುಣ್ಣದ ಗೋಡೆಯಲ್ಲಿ ಮೊಳೆಯ ಕೆಳಗೆ ಲಗಾಮಿನದೇ ಆಕಾರದಲ್ಲಿ ಒಂದು ಎಣ್ಣೆ ಕಲೆ ಇದೆ. ಎಷ್ಟೋ ವರ್ಷ ಅಲ್ಲೇ ತೂಗಿದ್ದರಿಂದ ಆದದ್ದು. ಅದನ್ನು ಮನೆಗೆ ತರಲು ಆಗುತ್ತದಾ?

ಲಗಾಮು ವಾಪಸ್ ಕೊಡಲು ಹೋದಾಗ ಎಲ್ಲಾ ಪ್ರಿಂಟು ಹರಡಿ, ನಿಮಗೆ ಯಾವುದು ಬೇಕು ಅಂದೆ. ಭಾಯ್ ಎಲ್‌ಇಡಿಯದನ್ನು ಪಕ್ಕಕ್ಕಿಟ್ಟರು, ಮೇಜಿನದನ್ನೂ ಇಟ್ಟರು. ಬಾಗಿಲ ಬೆಳಕಿನ ಲಗಾಮು, ಅದರ ಹಿಂದಿನ ಕಲೆ, ಅದನ್ನು ಎತ್ತಿಕೊಂಡು ಹಿಡಿಯುವ ಜಾಗದ ಮೇಲೆ ಹೆಬ್ಬೆರಳು ಇಟ್ಟು ನೋಡಿದರು.