ಲಾಜಿಕ್ ಒಗಟಿನ ಪೆಟ್ಟಿಗೆ: ಎರಡು ಮಳೆಗಾಲ ಬಳಸಿದ ಮೇಲೆ

ಕಂಪನಿ ಹೆಸರು ಬರೆಯುವುದಿಲ್ಲ. ಈ ತರದ ಪೆಟ್ಟಿಗೆ ನಾಲ್ಕಾರು ಕಂಪನಿಯವರು ಮಾಡುತ್ತಾರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. 2024ರ ಬೇಸಿಗೆ ರಜೆಯಲ್ಲಿ 1,450 ರೂಪಾಯಿ ಕೊಟ್ಟು ತರಿಸಿದ್ದು. ಆಗ ಮಗಳು ಆರನೇ ಕ್ಲಾಸಿಗೆ ಹೋಗುವವಳು, ಈಗ ಏಳರಲ್ಲಿದ್ದಾಳೆ. ನಮ್ಮದು ಸಾಗರದಿಂದ ಒಳಗೆ, ತೋಟದ ನಡುವಿನ ಒಂಟಿ ಮನೆ. ಜೂನ್‌ನಲ್ಲಿ ಮಳೆ ಹಿಡಿದರೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ, ಮೊಬೈಲ್ ಬದಲು ಏನಾದರೂ ಇರಲಿ ಅಂತ ತರಿಸಿದ್ದೇ ಹೊರತು ಮುಚ್ಚಳದ ಮೇಲಿನ 'ಕೋಡಿಂಗ್ ಚಾಂಪಿಯನ್' ನಂಬಿ ಅಲ್ಲ.

ಒಳಗೆ 60 ಒಗಟಿನ ಕಾರ್ಡು, ಮೂರು ಕಂಬ ಏಳು ಬಿಲ್ಲೆಯ ಹನೋಯ್ ಗೋಪುರ, ಚುಕ್ಕಿ ಹಾಕಿದ ಐದು ಬೈನರಿ (0, 1 ಎರಡೇ ಅಂಕಿಯ ಲೆಕ್ಕದ) ಕಾರ್ಡು, ಒಂದು ಕನ್ನಡ ಚೀಟಿ, ಮತ್ತೆ ಒಂದು ವರ್ಷ ಪುಕ್ಕಟೆ ಅಂತ ಒಂದು ಆ್ಯಪ್.

ಮೊದಲು ಗೋಪುರದ ಕಥೆ. ದೊಡ್ಡ ಬಿಲ್ಲೆಯನ್ನು ಚಿಕ್ಕದರ ಮೇಲೆ ಇಡದೆ, ಒಂದು ಸಲಕ್ಕೆ ಒಂದೇ ಎತ್ತಿ, ಎಲ್ಲವನ್ನೂ ಬೇರೆ ಕಂಬಕ್ಕೆ ಸಾಗಿಸಬೇಕು. ಫ್ರಾನ್ಸಿನ ಎದುವಾರ್ ಲೂಕಾ ಅನ್ನುವ ಗಣಿತಜ್ಞ 1883ರಲ್ಲಿ ತಂದ ಆಟ ಇದು. ಮಗಳು ಮೂರು ಬಿಲ್ಲೆಗೆ 7 ಸಲ ಎತ್ತಬೇಕು, ನಾಲ್ಕಕ್ಕೆ 15, ಐದಕ್ಕೆ 31 ಅಂತ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ಎರಡು ದಿನ ಬಿಟ್ಟು ಅನ್ನ ತಿನ್ನುತ್ತಾ 'ಅಮ್ಮಾ, ಡಬಲ್ ಮಾಡಿ ಒಂದು ಸೇರಿಸಿದ್ರೆ ಮುಂದಿನದ್ದು' ಅಂದಳು. ಯಾಕೆ ಅಂತ ಕೇಳಿದೆ. ಮೇಲಿನ ಗುಂಪನ್ನು ಆಚೆ ಇಡಬೇಕು, ಕೆಳಗಿನ ದೊಡ್ಡದನ್ನು ಒಂದು ಸಲ ಸರಿಸಬೇಕು, ಮತ್ತೆ ಅದೇ ಗುಂಪನ್ನು ಅದರ ಮೇಲೆ ತರಬೇಕು, ಅದಕ್ಕೇ ಎರಡು ಸಲ ಮತ್ತೆ ಒಂದು. ಏಳು ಬಿಲ್ಲೆಗೆ 127 ಆಗುತ್ತದೆ ಅಂತ ಲೆಕ್ಕ ಹಾಕಿಟ್ಟಳು, ಆದರೆ ಆಡಿ ನೋಡುವಷ್ಟರಲ್ಲಿ ಜುಲೈ ಬಂತು. ಮರದ ಕಂಬ ಥಂಡಿಗೆ ಉಬ್ಬಿ ಬಿಲ್ಲೆ ಕಚ್ಚಿಕೊಂಡವು. ಗಣೇಶನ ಹಬ್ಬದವರೆಗೂ ಹಾಗೇ ಇದ್ದವು. ಎರಡನೇ ಮಳೆಗಾಲಕ್ಕೆ ಇವರು ಕಂಬಕ್ಕೆ ಮರಳು ಕಾಗದ ಉಜ್ಜಿ ಮೇಣ ಹಚ್ಚಿಕೊಟ್ಟರು, ಆಮೇಲೆ ತೊಂದರೆ ಇಲ್ಲ. ಕಾರ್ಡುಗಳಿಗೂ ಬೂಸ್ಟು ಬಂತು. ಮಲೆನಾಡಿನಲ್ಲಿ ಇದನ್ನು ಕೊಳ್ಳುವವರು ಪ್ಲಾಸ್ಟಿಕ್ ಕಂಬದ್ದು ಸಿಕ್ಕರೆ ಅದನ್ನೇ ತಗೊಳ್ಳಿ.

ಕನ್ನಡ ಚೀಟಿ ಬಗ್ಗೆ ಏನು ಹೇಳಲಿ. ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದು, ಅದಕ್ಕೆ 'ಕುಣಿಕೆ' ಅಂತ ಹಾಕಿದ್ದಾರೆ. 'ಹತ್ತು ಬಾರಿ ಕುಣಿಕೆ ಹಾಕಿರಿ' ಅಂತ ಮಗಳು ಗಟ್ಟಿಯಾಗಿ ಓದಿದ್ದು ಕೇಳಿ ಅತ್ತೆ ಗಾಬರಿಯಾಗಿ ಚೀಟಿ ಕಸಿದುಕೊಂಡರು. 43ನೇ ಕಾರ್ಡಿನ ಉತ್ತರವೇ ತಪ್ಪು, ಫೋನ್ ಮಾಡಿದರೆ 'ನೋಟ್ ಮಾಡ್ಕೊಂಡಿದೀವಿ ಮೇಡಂ' ಅಷ್ಟೇ. ಆದರೆ ಆ ತಪ್ಪು ಹಿಡಿದಿದ್ದು ಮಗಳು, ಆ ವಾರವಿಡೀ ಅವಳು ಬೀಗುವುದನ್ನು ನೋಡಬೇಕಿತ್ತು.

ಹುಲಿ, ಆಡು, ಹುಲ್ಲಿನ ಹೊರೆ ಹೊಳೆ ದಾಟಿಸುವ ಒಗಟು ನಮಗೆಲ್ಲ ಗೊತ್ತಿರುವುದೇ, ಪೆಟ್ಟಿಗೆಯಲ್ಲಿ ಹುಲಿ ಬದಲು ತೋಳ. ಏಳು ಸಲ ದಾಟಿದರೆ ಮುಗಿಯುತ್ತದೆ. ಮಕ್ಕಳು ಸಿಕ್ಕಿಕೊಳ್ಳುವುದು ಒಂದೇ ಕಡೆ: ದಾಟಿಸಿದ ಆಡನ್ನು ಮತ್ತೆ ಈಚೆ ದಡಕ್ಕೆ ತರಬೇಕು. ಹಿಂದೆ ಬಂದರೆ ಸೋತ ಹಾಗೆ ಅಂತ ಅವರಿಗೆ. ನನ್ನ ತವರು ತುಮರಿ ಕಡೆ, ಹುಟ್ಟಿದಾಗಿನಿಂದ ಹೊಳೆಬಾಗಿಲಲ್ಲಿ ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಕಾದವಳು ನಾನು, ಇದರಲ್ಲಾದರೂ ಬುದ್ಧಿವಂತೆ ಅನ್ನಿಸಿಕೊಳ್ಳೋಣ ಅಂದರೆ ತಮ್ಮನ ಮಗ 'ಅತ್ತೆ, ಸೇತುವೆ ಆಯ್ತಲ್ಲ, ದೋಣಿ ಯಾಕೆ' ಅಂದ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಗಿತ್ತು, ಅವನನ್ನು ಬಯ್ಯುವ ಹಾಗೂ ಇರಲಿಲ್ಲ.

ಐದು ಬೈನರಿ ಕಾರ್ಡಿನಲ್ಲಿ 16, 8, 4, 2, 1 ಚುಕ್ಕಿ. ಕೆಲವನ್ನು ತೆರೆದು ಕೆಲವನ್ನು ಮಗುಚಿಟ್ಟರೆ 0ಯಿಂದ 31ರವರೆಗೆ ಯಾವ ಸಂಖ್ಯೆ ಬೇಕಾದರೂ ಬರುತ್ತದೆ, ಅಂದರೆ ತಿಂಗಳ ಯಾವ ತಾರೀಕು ಬೇಕಾದರೂ. ಅದರ ಜೊತೆಯ ಒಗಟು 'ಅರ್ಧಕ್ಕೆ ಕತ್ತರಿಸು', ಪ್ರತಿ ಸಲ ಉಳಿದವುಗಳ ನಡುವಿನ ಸಂಖ್ಯೆ ಹಿಡಿದು, ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆ ಇದಕ್ಕಿಂತ ದೊಡ್ಡದಾ ಅಂತ ಕೇಳುತ್ತಾ ಹೋಗುವುದು. 100ರೊಳಗಿನ ಸಂಖ್ಯೆಗೆ ಏಳು ಪ್ರಶ್ನೆ ಸಾಕು.

ಇದು ಮನೆಗೆ ಉಪಯೋಗಕ್ಕೆ ಬಂತು ಅಂದರೆ ನಂಬುತ್ತೀರಾ? ನಮಗೆ ನೀರು ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುತ್ತದೆ. 20 ಅಡಿಯ 16 ಪೈಪು, ಜಾಯಿಂಟಿಗೆ ಅಂಟು ಹಾಕಿಲ್ಲ, ಸುಮ್ನೆ ತುರುಕಿದ್ದು. ಹೋದ ಆಗಸ್ಟ್‌ನಲ್ಲಿ ನೀರು ನಿಂತಿತು. ಇವರು ಯಾವಾಗಲೂ ಮೇಲಿನಿಂದ ಒಂದೊಂದೇ ಜಾಯಿಂಟ್ ಬಿಚ್ಚುತ್ತಾ ಬರುವವರು, ಅರ್ಧ ದಿನ ಹೋಗುತ್ತದೆ, ಕಾಲಿಗೆ ಉಂಬಳ ಬೇರೆ. ಮಗಳು 'ಅಪ್ಪಾ, ನಡುವಿನದ್ದು ಬಿಚ್ಚು' ಅಂದಳು. 8ನೇ ಪೈಪಿನ ಕೊನೆಯಲ್ಲಿ ನೀರು ಇತ್ತು, ಹಾಗಾದರೆ ಕಟ್ಟಿದ್ದು ಕೆಳಗೆ. 12ರಲ್ಲಿ ಇಲ್ಲ. 10ರಲ್ಲಿ ಇತ್ತು. 11ರಲ್ಲಿ ಇಲ್ಲ. 11ನೇ ಪೈಪಿನೊಳಗೆ ಕೊಳೆತ ಎಲೆ ಮುದ್ದೆಯಾಗಿ ಕೂತಿತ್ತು. ನಾಲ್ಕೇ ಸಲ ಬಿಚ್ಚಿದ್ದು. ಇವರು ಹೊಗಳಲಿಲ್ಲ ಬಿಡಿ, 'ಬಿಚ್ಚಿ ಜೋಡಿಸಿದಾಗೆಲ್ಲ ಗಾಳಿ ಹೋಗೋವರೆಗೂ ಕಾಯಬೇಕು, ಮೇಲೆ ಕೆಳಗೆ ಓಡಾಡೋದು ಲೆಕ್ಕಕ್ಕಿಲ್ವಾ' ಅಂದರು. ಅದೂ ಸರಿಯೇ. ಅವತ್ತು ರಾತ್ರಿ ಅಪ್ಪ ಮಗಳು ಕೂತು ಎಷ್ಟು ಹೆಜ್ಜೆ ನಡೆದದ್ದು ಅಂತ ಲೆಕ್ಕ ಹಾಕಿದರು, ಪೆಟ್ಟಿಗೆಯ ದುಡ್ಡು ನನಗೆ ಅಲ್ಲಿಗೇ ವಸೂಲಾಯಿತು.

ಆ್ಯಪ್ ಮಾತ್ರ ಬೇಡವೇ ಬೇಡ. ನೆಟ್‌ವರ್ಕ್ ಬೇಕು ಅಂದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು, ಅದು ಬಿಡಿ. ಅರ್ಧ ನಿಮಿಷ ಸುಮ್ಮನಿದ್ದರೆ ಸಾಕು, 'ಸುಳಿವು ಬೇಕಾ' ಅಂತ ಗಂಟೆ ಬಾರಿಸುತ್ತದೆ. ಕಾರ್ಡಿನ ಮುಂದೆ ಮುಕ್ಕಾಲು ಗಂಟೆ ಕೂತಿದ್ದ ಮಗಳೇ ಆ್ಯಪಿನಲ್ಲಿ ಯೋಚನೆ ಮಾಡುವುದು ಬಿಟ್ಟು ಗಂಟೆ ಹೊಡೆಯಲಿ ಅಂತ ಕಾಯುತ್ತಿದ್ದಳು. ಎರಡನೇ ವರ್ಷಕ್ಕೆ ದುಡ್ಡು ಕೇಳಿದರು, ಕಟ್ಟಲಿಲ್ಲ.

ಅದರ ಬದಲು ಬೆಬ್ರಾಸ್ ನೋಡಿ. 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾದ, ಇಂಥದೇ ಒಗಟುಗಳ ಶಾಲಾ ಮಕ್ಕಳ ಸ್ಪರ್ಧೆ, ಈಗ ಭಾರತದಲ್ಲೂ ನಡೆಯುತ್ತದೆ. ಆ ಪದಕ್ಕೆ ಅಲ್ಲಿನ ಭಾಷೆಯಲ್ಲಿ ಬೀವರ್ ಅಂತ ಅರ್ಥ, ಹೊಳೆಗೆ ಕಟ್ಟೆ ಕಟ್ಟುವ ಪ್ರಾಣಿ. ಹಳೆಯ ಒಗಟುಗಳು ಬಿಡಿಸಿದ ವಿವರಣೆ ಸಮೇತ ಇಂಗ್ಲಿಷಿನಲ್ಲಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಸಾಗರದಲ್ಲಿ ಪ್ರಿಂಟ್ ತೆಗೆಸಿ ತಂದು ನಮ್ಮ ಮಾತಿನಲ್ಲಿ ಹೇಳಿಕೊಟ್ಟೆ.

ಗಣಿತದ ಮಾರ್ಕ್ಸ್ ಜಾಸ್ತಿ ಆಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಇನ್ನು ಅತ್ತೆ ಚೆನ್ನೆಮಣೆಯ 14 ಗುಳಿ ಒಂದು ಸಲ ನೋಡಿ, ಯಾವುದರಿಂದ ಎತ್ತಿದರೆ ಕಾಳು ಎಲ್ಲಿ ಮುಗಿಯುತ್ತದೆ ಅಂತ ಹೇಳಿಬಿಡುತ್ತಾರೆ, ಅದಕ್ಕೆ ಯಾರೂ ಕಂಪ್ಯೂಟೇಷನಲ್ ಥಿಂಕಿಂಗ್ (ಕಂಪ್ಯೂಟರಿಗೆ ಹೇಳುವ ಹಾಗೆ ಹಂತ ಹಂತವಾಗಿ ಯೋಚಿಸುವುದು) ಅಂತ ಹೆಸರಿಟ್ಟು ದುಡ್ಡು ತಗೊಂಡಿಲ್ಲ.

5ಕ್ಕೆ ಮೂರೂವರೆ ಕೊಡುತ್ತೇನೆ, ಕಳೆದ ಒಂದೂವರೆಯಲ್ಲಿ ಒಂದು ಆ್ಯಪಿಗೆ, ಅರ್ಧ ಕುಣಿಕೆಗೆ. ಪೆಟ್ಟಿಗೆ ಹೋದ ವಾರ ತಮ್ಮನ ಮನೆಗೆ ಹೋಯಿತು, ಬಸ್ಸಿನಲ್ಲಿ, ಸೇತುವೆ ಮೇಲೆ. ಕಾರ್ಡುಗಳನ್ನು ಅಕ್ಕಿ ಡಬ್ಬದಲ್ಲಿ ಇಡು ಅಂತ ನಾದಿನಿಗೆ ಹೇಳಿ ಕಳಿಸಿದ್ದೇನೆ, 43ನೇ ಕಾರ್ಡಿನ ಬಗ್ಗೆ ಬೇಕಂತಲೇ ಹೇಳಿಲ್ಲ.