ಬೆಳಗಿನ ಹದಿನೈದು ನಿಮಿಷ: ರೇಜರಾ, ಟ್ರಿಮ್ಮರಾ? ಇಸ್ತ್ರಿಯಾ, ಸ್ಟೀಮರಾ?

ಅಲಾರಂ ಬಡಿದಾಗಿನಿಂದ ಬಾಗಿಲು ಎಳೆದುಕೊಂಡು ಹೊರಡುವವರೆಗೆ ನನಗೆ ಸಿಗುವುದು 45 ನಿಮಿಷ. ಸ್ನಾನ, ತಿಂಡಿ, ಮಗಳ ಶಾಲೆಯ ಚೀಲ, ಜೋಡಿ ತಪ್ಪಿಸಿಕೊಂಡ ಕಾಲುಚೀಲದ ಹುಡುಕಾಟ, ಇಷ್ಟನ್ನು ಕಳೆದರೆ ಮುಖ, ತಲೆ, ಬಟ್ಟೆ ಮೂರಕ್ಕೂ ಸೇರಿ ಉಳಿಯುವುದು 15. ಮೊದಲೆಲ್ಲ ಇದು 25 ಬೇಡುತ್ತಿತ್ತು. ಆ ಹತ್ತು ನಿಮಿಷ ದಿನಾ ಯಾರ ಬಾಕಿಯಿಂದಲೋ ಕಿತ್ತುಕೊಂಡು ಬರುತ್ತಿದ್ದೆ, ಹೆಚ್ಚಾಗಿ ತಿಂಡಿಯದು. ಹಾಗಾಗಿ ನಾಲ್ಕು ತಿಂಗಳು ಒಂದೊಂದು ಕೆಲಸಕ್ಕೂ ಎರಡು ಮೂರು ದಾರಿ ಹಿಡಿದು ನೋಡಿದೆ. ಫೋನಿನ ಸ್ಟಾಪ್‌ವಾಚ್ ಹಾಕಿಕೊಂಡು ಕನ್ನಡಿ ಮುಂದೆ ನಿಂತವನನ್ನು ನೋಡಿ ಮನೆಯಲ್ಲಿ ನಕ್ಕರು. ನಗಲಿ. ಕೆಳಗಿನ ನಿಮಿಷಗಳೆಲ್ಲ ನನ್ನ ಕೈಯ ವೇಗದವು, ನಿಮ್ಮದು ಬೇರೆ ಇರಬಹುದು.

ಮೊದಲು ಗಡ್ಡ, ಏಕೆಂದರೆ ಜಗಳ ಜಾಸ್ತಿ ಇದ್ದದ್ದು ಅಲ್ಲೇ.

ಕಾಲೇಜು ಬಿಟ್ಟಾಗಿನಿಂದ ನಾನು ಮೂರು ಬ್ಲೇಡಿನ ಕಾರ್ಟ್ರಿಜ್ ರೇಜರಿನವನು. ಅಳೆದಾಗ 9 ನಿಮಿಷ. ಅದರಲ್ಲಿ ಬ್ಲೇಡು ಕೆನ್ನೆ ಮೇಲೆ ಓಡುವುದು ನಾಲ್ಕೇ ನಿಮಿಷ. ಉಳಿದದ್ದು ನೆನೆಸು, ನೊರೆ ಹಚ್ಚು, ತೊಳೆ, ಬಿಟ್ಟುಹೋದ ಕಡೆ ತಡವಿ ನೋಡು. ಇಲ್ಲಿ ನನ್ನದೇ ಒಂದು ಹಳೆಯ ದಡ್ಡತನ ಸಿಕ್ಕಿತು. ನಾನು ಸ್ನಾನಕ್ಕೆ ಮೊದಲು ಶೇವ್ ಮಾಡುತ್ತಿದ್ದೆ. ಒಣಗಿದ ಗಡ್ಡದ ಕೂದಲು ತಂತಿಯ ಹಾಗೆ. ಎರಡು ಮೂರು ನಿಮಿಷ ಬಿಸಿನೀರು ಕುಡಿದರೆ ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಸ್ನಾನ ಮುಗಿಸಿ ಬಂದು ರೇಜರ್ ಹಿಡಿದರೆ ಆ ನೆನೆಸುವ ಕೆಲಸ ಆಗಲೇ ಮುಗಿದಿರುತ್ತದೆ. ಹಿಂದುಮುಂದು ಮಾಡಿದ್ದಷ್ಟಕ್ಕೇ ಎರಡು ನಿಮಿಷ ಉಳಿಯಿತು.

ಆಮೇಲೆ ಒಂಟಿ ಬ್ಲೇಡಿನ ಸೇಫ್ಟಿ ರೇಜರ್. ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ತೆಳು ಬ್ಲೇಡನ್ನು ಎರಡು ತಗಡಿನ ನಡುವೆ ಬಿಗಿಯುವ ಆ ಉಪಾಯ ಇಂದಿಗೂ ಹಾಗೇ ಇದೆ. ಮೂರು ವಾರ ಬಳಸಿದೆ. ಚರ್ಮಕ್ಕೆ ಇದರಷ್ಟು ಒಳ್ಳೆಯದು ಬೇರೆ ಕಾಣಲಿಲ್ಲ. ಹಲವು ಬ್ಲೇಡಿನ ರೇಜರಿನಲ್ಲಿ ಮುಂದಿನ ಬ್ಲೇಡು ಕೂದಲನ್ನು ಎಳೆದು ಹಿಡಿಯುತ್ತದೆ, ಹಿಂದಿನದು ಕತ್ತರಿಸುತ್ತದೆ, ತುಂಡಾದ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿದುಬಿಡುತ್ತದೆ. ಗುಂಗುರು ಕೂದಲಿನವರಿಗೆ ಅದು ಒಳಗೊಳಗೇ ಬಾಗಿ ಬೆಳೆದು ಕತ್ತಿನ ಮೇಲೆ ಕೆಂಪು ಗುಳ್ಳೆ. ನನ್ನ ಕತ್ತಿನ ಗುಳ್ಳೆಗಳು ಎರಡನೇ ವಾರಕ್ಕೆ ಮಾಯವಾದವು. ಆದರೆ 12 ನಿಮಿಷ! ಅವಸರ ಮಾಡಿದ ಎರಡು ದಿನವೂ ಗದ್ದದಲ್ಲಿ ರಕ್ತ, ಕಾಲರಿನ ಮೇಲೆ ಚುಕ್ಕೆ, ಇನ್ನೊಂದು ಅಂಗಿ. ಇದು ರಜಾದಿನದ ಸಾಮಾನು.

ಎಲೆಕ್ಟ್ರಿಕ್ ಶೇವರ್ (ಜಾಲರಿ ತಲೆಯದು) 4 ನಿಮಿಷ. ನೀರು ಬೇಡ, ನೊರೆ ಬೇಡ. ಜೇಕಬ್ ಶಿಕ್ 1931ರಲ್ಲಿ ಒಣ ಶೇವರನ್ನು ಮಾರುಕಟ್ಟೆಗೆ ತಂದಾಗ ಕೊಟ್ಟ ಭರವಸೆಯೂ ಇದೇ. ಭರವಸೆ ಮುಕ್ಕಾಲು ಪಾಲು ನಿಜ. ಸಂಜೆಯ ಹೊತ್ತಿಗೆ ಕೆನ್ನೆಯ ಮೇಲೆ ನೆರಳು ಮೂಡುತ್ತದೆ, ಅದನ್ನು ಒಪ್ಪಿಕೊಳ್ಳಬಹುದು. ಒಪ್ಪಿಕೊಳ್ಳಲಾಗದ್ದು ಇನ್ನೊಂದು: ಎರಡು ದಿನ ಬಿಟ್ಟರೆ ಮುಗಿಯಿತು. ಉದ್ದವಾಗಿ ಮಲಗಿದ ಕೂದಲು ಜಾಲರಿಯ ತೂತಿಗೆ ಹೋಗುವುದಿಲ್ಲ, ದವಡೆಯ ಕೆಳಗೆ ಹತ್ತು ಸಲ ಉಜ್ಜಿದರೂ ನಾಲ್ಕು ಎಳೆ ನಿಂತೇ ಇರುತ್ತವೆ. ದಿನಾ ತಪ್ಪದೆ ಶೇವ್ ಮಾಡುವ ಶಿಸ್ತಿನವರಿಗೆ ಇದೇ ಸರಿ. ನಾನು ಆ ಜಾತಿಯವನಲ್ಲ.

ಕೊನೆಗೆ ಟ್ರಿಮ್ಮರ್, 2 ಮಿ.ಮೀ. ಕುರುಚಲು ಗಡ್ಡ. ಮೂರು ದಿನಕ್ಕೊಮ್ಮೆ 2 ನಿಮಿಷ. ಗೆದ್ದೆ ಅಂದುಕೊಂಡು ಒಂದು ವಾರ ಮೆರೆದೆ. ಆಗ ಅಕ್ಕ ಬಂದವಳು ಬಾಗಿಲಲ್ಲೇ ಕೇಳಿದಳು, “ಏನೋ, ಹುಷಾರಿಲ್ವೇನೋ?” ಕಾಯಿಲೆ ಇರಲಿಲ್ಲ, ಕತ್ತಿನ ಕೂದಲು ಇತ್ತು. ಬಿಟ್ಟ ಗಡ್ಡಕ್ಕೂ ಬೆಳೆದುಹೋದ ಗಡ್ಡಕ್ಕೂ ಇರುವ ವ್ಯತ್ಯಾಸವೆಲ್ಲ ಅಂಚಿನಲ್ಲಿದೆ. ಗಂಟಲ ಉಬ್ಬಿನಿಂದ ಎರಡು ಬೆರಳು ಮೇಲಕ್ಕೆ ಒಂದು ಗೆರೆ ಅಂದುಕೊಂಡು, ಅದರ ಕೆಳಗಿನದನ್ನು ದಿನ ಬಿಟ್ಟು ದಿನ ಹಳೆಯ ರೇಜರಿನಲ್ಲಿ ತೆಗೆಯತೊಡಗಿದೆ. ಅದಕ್ಕೆ ಇನ್ನೆರಡು ನಿಮಿಷ. ಗುಳ್ಳೆ ಏಳದಂತೆ ಕೂದಲು ಬೆಳೆದ ದಿಕ್ಕಿಗೇ ಎಳೆಯುತ್ತೇನೆ, ಎದುರು ದಿಕ್ಕಿಗಲ್ಲ. ಮುಂದಿನ ಭೇಟಿಯಲ್ಲಿ ಅಕ್ಕ ಏನೂ ಅನ್ನಲಿಲ್ಲ; ಅವಳ ಮಟ್ಟಿಗೆ ಅದು ಶಹಭಾಸ್.

ಬಟ್ಟೆಯ ವಿಷಯಕ್ಕೆ ಬಂದಾಗ ನಾನು ಪೂರ್ವಗ್ರಹ ಇಟ್ಟುಕೊಂಡೇ ಇಳಿದೆ. ಕೈಯಲ್ಲಿ ಹಿಡಿಯುವ ಸ್ಟೀಮರ್ ಗೆಲ್ಲುತ್ತದೆ, ಇಸ್ತ್ರಿಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತೇನೆ ಅಂತ.

ದಿನಾ ಬೆಳಿಗ್ಗೆ ಒಂದು ಅಂಗಿ ಇಸ್ತ್ರಿ ಮಾಡಲು 8 ನಿಮಿಷ, ಕಾಯುವುದೂ ಸೇರಿ. ಸ್ಟೀಮರ್ 4. ಹ್ಯಾಂಗರಿಗೆ ಹಾಕಿ ಹಬೆ ಹಾಯಿಸಿದರೆ ಬೆನ್ನು, ತೋಳಿನ ಸುಕ್ಕು ಕಣ್ಣೆದುರೇ ಇಳಿಯುತ್ತದೆ, ನೋಡಲು ಚೆಂದ. ಆದರೆ ಕಾಲರು, ತೋಳಿನ ಪಟ್ಟಿ, ಗುಂಡಿ ಸಾಲು ಮೂರೂ ಹಪ್ಪಳದಂತೆ ಅಲೆ ಅಲೆ. ಎದುರಿಗೆ ಕೂತವರಿಗೆ ಕಾಣುವುದು ಆ ಮೂರೇ! ಕಾರಣ ಹತ್ತಿಯ ಒಳಗಿದೆ. ಹತ್ತಿ ಎಂದರೆ ಸೆಲ್ಯುಲೋಸ್, ಗಿಡಗಳ ನಾರಿನ ವಸ್ತು. ಅದರ ಎಳೆಗಳನ್ನು ಹೈಡ್ರೋಜನ್ ಬಂಧಗಳೆಂಬ ಸಡಿಲ ಕೊಂಡಿಗಳು ಹಿಡಿದಿಟ್ಟಿರುತ್ತವೆ. ತೇವ ಮತ್ತು ಬಿಸಿ ಸೇರಿದರೆ ಆ ಬಂಧ ಸಡಿಲ, ಒಣಗಿ ಆರುವಾಗ ಯಾವ ಭಂಗಿಯಲ್ಲಿರುತ್ತದೋ ಅದರಲ್ಲೇ ಮತ್ತೆ ಬಿಗಿ. ಹಬೆ ಸಡಿಲಿಸುವ ಅರ್ಧ ಕೆಲಸ ಮಾಡುತ್ತದೆ. ಎರಡು ಮೂರು ಪದರ ಇರುವ ಕಾಲರನ್ನು ಚಪ್ಪಟೆಯಾಗಿ ಒತ್ತಿ ಒಣಗಿಸುವ ಉಳಿದರ್ಧಕ್ಕೆ ಭಾರ ಬೇಕು. ಉಣ್ಣೆ ಕೋಟು, ಪಾಲಿಯೆಸ್ಟರ್ ಪ್ಯಾಂಟಿಗೆ ಮಾತ್ರ ಸ್ಟೀಮರನ್ನು ಮೀರಿದ್ದಿಲ್ಲ. ಕಪ್ಪು ಪ್ಯಾಂಟಿನ ಮೇಲೆ ಬಿಸಿ ಇಸ್ತ್ರಿ ನೇರ ಓಡಿಸಿ ಮಂಡಿಯಲ್ಲಿ ಕನ್ನಡಿಯಂಥ ಹೊಳಪು ತರಿಸಿಕೊಂಡವರಿಗೆ ಇದರ ಬೆಲೆ ಗೊತ್ತು. (ಅಂಗಿಯ ಒಳಗಿನ ಚೀಟಿಯಲ್ಲಿ ಇಸ್ತ್ರಿ ಗುರುತಿನೊಳಗಿನ ಚುಕ್ಕೆಗಳನ್ನು ನಾನು ಇಷ್ಟು ವರ್ಷ ಓದಿರಲೇ ಇಲ್ಲ. ಒಂದು ಚುಕ್ಕೆ ಎಂದರೆ ಗರಿಷ್ಠ 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200.)

ಸುಕ್ಕಾಗದ ಅಂಗಿಗಳನ್ನೂ ಎರಡು ತಂದು ನೋಡಿದೆ. ಒಗೆದು ಒಣಗಿಸಿ ಹಾಗೇ ತೊಡುವ ಹತ್ತಿ ಬಟ್ಟೆಯ ಹಿಂದೆ ಅಮೆರಿಕದ ಕೃಷಿ ಇಲಾಖೆಯ ರಸಾಯನ ವಿಜ್ಞಾನಿ ರೂತ್ ಬೆನೆರಿಟೊ ಅವರ ಕೆಲಸ ದೊಡ್ಡದು. ಮುರಿದು ಮುರಿದು ಸೇರುವ ಆ ಸಡಿಲ ಬಂಧಗಳ ಜೊತೆಗೆ ಸುಲಭಕ್ಕೆ ಬಿಡದ ರಾಸಾಯನಿಕ ಕೊಂಡಿಗಳನ್ನು ಹಾಕುವುದೇ ಇದರ ಗುಟ್ಟು. ಬೆಳಿಗ್ಗೆ ಸೊನ್ನೆ ನಿಮಿಷ, ಇದನ್ನು ಮೀರಿಸುವವರಿಲ್ಲ. ಹಾಗೆ ಬಿಗಿದ ನೂಲಿನ ಬಲ ಮಾತ್ರ ತಗ್ಗುತ್ತದೆ. ಕಾಲರಿನ ಮಡಿಕೆ, ತೋಳಿನ ತುದಿ ಬೇಗ ಸವೆಯುತ್ತವೆ. ಮೈಗೆ ಕೊಂಚ ಬಿರುಸು ಅನ್ನಿಸಿತು. ಪ್ರಯಾಣದ ಚೀಲಕ್ಕೆ ಒಂದನ್ನು ಇಟ್ಟುಕೊಂಡಿದ್ದೇನೆ.

ಗೆದ್ದದ್ದು ಯಾವ ಹೊಸ ಯಂತ್ರವೂ ಅಲ್ಲ, ಭಾನುವಾರ. ಐದು ಅಂಗಿ ಒಟ್ಟಿಗೆ ಮಾಡಿದರೆ 26 ನಿಮಿಷ. ಪೆಟ್ಟಿಗೆ ಕಾಯುವುದು ಒಂದೇ ಸಲ, ಕೈಗೂ ಓಟ ಬರುತ್ತದೆ. ಪೂರ್ತಿ ಒಣಗುವ ಮುಂಚೆ, ಮುಟ್ಟಿದರೆ ತಣ್ಣಗೆ ತಾಗುವಾಗಲೇ ತೆಗೆದು ಇಸ್ತ್ರಿ ಹಾಕಿದರೆ ನೀರು ಚಿಮುಕಿಸುವ ರಗಳೆಯೂ ಇಲ್ಲ. ಇದರಲ್ಲಿ ನಾನು ಎಣಿಸದೇ ಇದ್ದ ಲಾಭ ಒಂದಿತ್ತು. ಬೆಳಿಗ್ಗೆ ಇಸ್ತ್ರಿಯಿಂದ ಇಳಿಸಿದ ಬಿಸಿ ಅಂಗಿಯನ್ನು ಹಾಗೇ ತೊಟ್ಟರೆ ಅದು ಆರುವುದು ಮೈಮೇಲೆ, ಮೊಣಕೈ ಮಡಿಕೆಯ ಸುಕ್ಕನ್ನೇ ಹಿಡಿದುಕೊಂಡು. ಹ್ಯಾಂಗರಿನಲ್ಲಿ ಆರಿದ ಅಂಗಿ ಸಂಜೆವರೆಗೂ ಮರ್ಯಾದೆ ಉಳಿಸುತ್ತದೆ.

ಇದೇ ಲೆಕ್ಕ ತಲೆಗೂದಲಿಗೂ ಸಲ್ಲುತ್ತದೆ ಎಂದು ತಿಳಿದ ದಿನ ನನಗೆ ಆದ ಖುಷಿ ಯಾರಿಗೂ ಅರ್ಥವಾಗಲಿಲ್ಲ. ಕೂದಲು ಆಗಿರುವ ಕೆರಾಟಿನ್ ಎಂಬ ಪ್ರೋಟೀನಿನಲ್ಲೂ ಅಂಥವೇ ಹೈಡ್ರೋಜನ್ ಬಂಧಗಳಿವೆ. ರಾತ್ರಿ ತಲೆಯ ಬೆವರಿನ ತೇವದಲ್ಲಿ ಸಡಿಲಾಗಿ, ದಿಂಬಿನ ಒತ್ತಿನಲ್ಲಿ ಬಿಗಿದು, ಬೆಳಿಗ್ಗೆ ನೆತ್ತಿಯ ಸುಳಿಯ ಹತ್ತಿರ ಒಂದು ಗೊಂಚಲು ಎದ್ದು ನಿಂತಿರುತ್ತದೆ. ಒಣ ಬಾಚಣಿಗೆಯಿಂದ ಅದರ ಜೊತೆ ಗುದ್ದಾಡುವುದು ಒಣ ಅಂಗಿಯನ್ನು ಕೈಯಲ್ಲಿ ಸವರಿ ಇಸ್ತ್ರಿ ಆಯಿತು ಎಂದ ಹಾಗೆ. ಜೆಲ್ ಹಚ್ಚಿ ಮಲಗಿಸಿದರೆ ಮಧ್ಯಾಹ್ನಕ್ಕೆ ಬಿಳಿ ಹೊಟ್ಟಿನಂತೆ ಉದುರಿ ಕೋಟಿನ ಹೆಗಲಿಗೆ ಬರುತ್ತದೆ. ಒಂದೇ ವಾರಕ್ಕೆ ಬಿಟ್ಟೆ. ಬುಡ ಒದ್ದೆಯಾಗುವಂತೆ ನೀರು ಹಚ್ಚಿ, ಬೇಕಾದ ಕಡೆ ಬಾಚಿ ಹಿಡಿದು ಒಂದು ನಿಮಿಷ ಡ್ರೈಯರ್ ಹಿಡಿದರೆ ಸಾಕು. ತುದಿಯಷ್ಟೇ ಒದ್ದೆ ಮಾಡಿದರೆ ಪ್ರಯೋಜನವಿಲ್ಲ.

ಇದಕ್ಕೆ ಎದುರಾಳಿ ತೀರ ಗಿಡ್ಡ ಕಟಿಂಗ್. ಬೆಳಿಗ್ಗೆ ಏನೂ ಕೆಲಸವಿಲ್ಲ, ನಿಜ. ಆದರೆ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಅರ್ಧ ಸೆಂ.ಮೀ. ಇಟ್ಟವನಿಗೆ ಎರಡು ವಾರದಲ್ಲಿ ಅದು ದುಪ್ಪಟ್ಟು, ಆಕಾರವೇ ಕೆಡುತ್ತದೆ. ನಾಲ್ಕು ಸೆಂ.ಮೀ. ಇಟ್ಟವನಿಗೆ ಗೊತ್ತೇ ಆಗುವುದಿಲ್ಲ. ಎರಡು ವಾರಕ್ಕೊಮ್ಮೆ ಕ್ಷೌರದಂಗಡಿ, ಹೋಗಿ ಕಾದು ಬರಲು ಒಂದು ಗಂಟೆ. ಹಂಚಿ ನೋಡಿದರೆ ದಿನಕ್ಕೆ ನಾಲ್ಕು ನಿಮಿಷದ ಮೇಲೆಯೇ. ಉಳಿತಾಯ ಎಲ್ಲಿ ಬಂತು? ಮಧ್ಯಮ ಉದ್ದ ಇಟ್ಟು ಐದು ವಾರಕ್ಕೊಮ್ಮೆ ಹೋಗುತ್ತೇನೆ. ನಡುವೆ ಒಮ್ಮೆ ಹೆಂಡತಿ ಹೆಕ್ಕತ್ತಿನ ಕೂದಲನ್ನು ಅದೇ ಟ್ರಿಮ್ಮರಿನಲ್ಲಿ ಸವರಿಕೊಡುತ್ತಾಳೆ. “ಅಲುಗಾಡಬೇಡಿ” ಎನ್ನುವುದು ಬಿಟ್ಟರೆ ಖರ್ಚಿಲ್ಲ.

ಇನ್ನು ಚಿಲ್ಲರೆ ಪೈಪೋಟಿಗಳು. ಬೆವರು ತಡೆಯುವ ಆ್ಯಂಟಿಪರ್ಸ್ಪಿರಂಟ್ ಅನ್ನು ಬೆಳಿಗ್ಗೆ ಸ್ನಾನದ ಬಿಸಿಯಲ್ಲೇ ಹಚ್ಚುವುದಕ್ಕಿಂತ ರಾತ್ರಿ ಮಲಗುವಾಗ ಒಣ ಕಂಕುಳಿಗೆ ಹಚ್ಚುವುದು ಮೇಲು. ಬೆವರು ಕಡಿಮೆ ಇರುವ ಹೊತ್ತಿನಲ್ಲಿ ಅದರ ಅಲ್ಯುಮಿನಿಯಂ ಲವಣಗಳಿಗೆ ಬೆವರಿನ ನಾಳದ ಬಾಯಿ ಮುಚ್ಚಲು ಸಮಯ ಸಿಗುತ್ತದೆ. ಬರೀ ವಾಸನೆ ಮುಚ್ಚುವ ಡಿಯೋಡರಂಟಿಗೆ ಈ ಮಾತು ಸಲ್ಲದು. ಶೂಗೆ ದುಬಾರಿ ಪಾಲಿಶ್‌ಗಿಂತ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದೇ ಹೆಚ್ಚು ಕೆಲಸ ಮಾಡಿತು. ಚರ್ಮ ಕುಡಿದ ಬೆವರು ಆರಲು ಒಂದು ದಿನ ಬೇಕು, ಆರಿದ ಶೂ ಆಕಾರ ಬಿಡುವುದಿಲ್ಲ. ಧೂಳನ್ನು ಸಂಜೆ ಬಿಚ್ಚುವಾಗಲೇ ಬ್ರಷ್ ಮಾಡಿಬಿಡುತ್ತೇನೆ. ಮುಖಕ್ಕೆ ಹಚ್ಚುವ ಐದಾರು ಡಬ್ಬಿಗಳನ್ನೂ ಸಾಲಾಗಿಟ್ಟು ನೋಡಿದೆ. ಸನ್‌ಸ್ಕ್ರೀನ್ ಒಂದನ್ನು ಬಿಟ್ಟು ಉಳಿದದ್ದು ತೆಗೆದರೂ ಮೂರು ವಾರದಲ್ಲಿ ಯಾರೂ ಏನೂ ಕೇಳಲಿಲ್ಲ, ಕನ್ನಡಿಯೂ ಸೇರಿ.

ಸ್ಟೀಮರ್ ಅಟ್ಟಕ್ಕೆ ಹೋಗಲಿಲ್ಲ, ಪ್ಯಾಂಟು ಮತ್ತು ಪರದೆಗಳ ಪಾಲಾಗಿದೆ. ಒಂಟಿ ಬ್ಲೇಡಿನ ರೇಜರಿಗೆ ಭಾನುವಾರದ ಕೆಲಸ. ಇವತ್ತು ಬೆಳಿಗ್ಗೆ ಕೊನೆಯ ಸಲ ಸ್ಟಾಪ್‌ವಾಚ್ ಒತ್ತಿದೆ: ಗಡ್ಡ, ತಲೆ, ಬಟ್ಟೆ ಸೇರಿ 11 ನಿಮಿಷ. ಮಿಕ್ಕ ನಾಲ್ಕು ನಿಮಿಷ ಕಾಲುಚೀಲ ಹುಡುಕುವುದರಲ್ಲಿ ಹೋಯಿತು.